ಸಂಘದ ಇಮೇಲ್ ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ: ತಪ್ಪನ್ನು ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ಸ್ವರ್ಣಾತೀರ (ಉಡುಪಿ)

ಎಲ್ಲರಿಗೂ ನಮಸ್ಕಾರ. ಉಡುಪಿ ಸಮೀಪದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಲೆಕ್ಕಪತ್ರದ ಜೊತೆಗೆ ಕಂಪ್ಯೂಟರ್ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ನಮ್ಮ ಸದಸ್ಯರಲ್ಲಿ 1,140 ಮಂದಿ ಇಮೇಲ್ ವಿಳಾಸ ಕೊಟ್ಟಿದ್ದಾರೆ. ಅವರಲ್ಲಿ ಹೆಚ್ಚಿನವರು ಮುಂಬೈ, ದುಬೈ, ಮಸ್ಕತ್, ಬಹರೈನ್‌ಗಳಲ್ಲಿ ದುಡಿಯುತ್ತಿರುವವರು. ಪ್ರತಿ ತಿಂಗಳ 5ರಂದು ಅವರ ಠೇವಣಿ ಮತ್ತು ಸಾಲದ ಖಾತೆಯ ವಿವರವನ್ನು ಲೆಕ್ಕಪತ್ರದ ತಂತ್ರಾಂಶದಿಂದಲೇ ಪಿಡಿಎಫ್ ರೂಪದಲ್ಲಿ ಕಳುಹಿಸುತ್ತೇವೆ.

ಮೂರು ತಿಂಗಳಿಂದ ಇದು ನಂಬುವ ಹಾಗಿಲ್ಲ. ಮೇ ತಿಂಗಳಲ್ಲಿ ಸಿಕ್ಕಿದವರಿಗೆ ಜೂನ್‌ನಲ್ಲಿ ಸಿಕ್ಕಿಲ್ಲ, ಜೂನ್‌ನಲ್ಲಿ ಸಿಗದವರಿಗೆ ಜುಲೈಯಲ್ಲಿ ಸಿಕ್ಕಿದೆ. ತಂತ್ರಾಂಶದ ಪರದೆಯಲ್ಲಿ ಮಾತ್ರ ಎಲ್ಲರ ಹೆಸರಿನ ಮುಂದೆಯೂ ಹಸಿರು ಅಕ್ಷರದಲ್ಲಿ ‘ಸೆಂಟ್’ ಎಂದೇ ಇರುತ್ತದೆ. ಪೋರ್ಟ್ 465ರಿಂದ 587ಕ್ಕೆ ಬದಲಿಸಿದೆ, ಪಾಸ್‌ವರ್ಡ್ ಬದಲಿಸಿದೆ, ವಿಷಯದ ಸಾಲನ್ನು ತಿದ್ದಿದೆ, ಏನೂ ಪ್ರಯೋಜನವಾಗಲಿಲ್ಲ. ಸರ್ವರ್ ಬಾಡಿಗೆಗೆ ಕೊಟ್ಟ ಹೋಸ್ಟಿಂಗ್‌ನವರನ್ನು ಕೇಳಿದರೆ ತಮ್ಮ ಕಡೆ ಎಲ್ಲವೂ ಸರಿಯಿದೆ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಕಚೇರಿಯ ದಿನನಿತ್ಯದ ಇಮೇಲನ್ನು ಗೂಗಲ್ ವರ್ಕ್‌ಸ್ಪೇಸ್‌ಗೆ ಬದಲಾಯಿಸಿದ್ದೇವೆ, ಆದರೆ ತಂತ್ರಾಂಶ ಈಗಲೂ ಹಳೆಯ ಹೋಸ್ಟಿಂಗ್ ಸರ್ವರ್‌ನಿಂದಲೇ ಕಳುಹಿಸುತ್ತದೆ.

ಮೊನ್ನೆ ವಯಸ್ಸಾದ ತಾಯಿಯೊಬ್ಬರು ಮಳೆಯಲ್ಲಿ ನೆನೆದುಕೊಂಡು ಕೌಂಟರಿಗೆ ಬಂದು, ಮಸ್ಕತ್‌ನಲ್ಲಿರುವ ಮಗನಿಗೆ ಸಾಲದ ಕಂತಿನ ಲೆಕ್ಕ ಎರಡು ತಿಂಗಳಿಂದ ಬಂದಿಲ್ಲವೆಂದು ಹೇಳಿ, ಅದನ್ನು ಕಾಗದದಲ್ಲಿ ಬರೆಸಿಕೊಂಡು ಹೋದರು. ಸೆಪ್ಟೆಂಬರ್‌ನಲ್ಲಿ ಮಹಾಸಭೆ ಇದೆ. ಅದರ ನೋಟಿಸು ಹೀಗೆ ಅರ್ಧ ಜನರಿಗೆ ಮಾತ್ರ ಹೋಗಬಾರದು. ತಪ್ಪನ್ನು ಎಲ್ಲಿಂದ ಹುಡುಕಲಿ?

ಉತ್ತರ: ಕೊಡಿಯಾಲ (ಮಂಗಳೂರು)

ನಮಸ್ಕಾರ ಸರ್. ಮೊದಲನೆಯದಾಗಿ, ದಯವಿಟ್ಟು ಇನ್ನು ಏನನ್ನೂ ಬದಲಿಸಬೇಡಿ. ಪೋರ್ಟ್, ಪಾಸ್‌ವರ್ಡ್, ವಿಷಯ ಎಂದು ಒಂದೊಂದನ್ನೇ ಬದಲಿಸುತ್ತಾ ಹೋದರೆ ಮುಂದಿನ ತಿಂಗಳು ಪತ್ರ ಹೋದರೂ ಯಾವುದರಿಂದ ಹೋಯಿತು ಎಂಬುದು ನಿಮಗೆ ತಿಳಿಯುವುದಿಲ್ಲ.

‘ಸೆಂಟ್’ ಎಂಬ ಹಸಿರು ಅಕ್ಷರವನ್ನು ಅಂಚೆ ಕಚೇರಿಯ ಕಿಟಕಿಯಲ್ಲಿ ಕೊಡುವ ರಶೀದಿ ಎಂದು ತಿಳಿಯಿರಿ. ಲಕೋಟೆಯನ್ನು ಅವರು ತೆಗೆದುಕೊಂಡರು ಎಂಬುದಕ್ಕೆ ಅದು ಸಾಕ್ಷಿಯೇ ಹೊರತು, ಮನೆಯವರು ಸಹಿ ಹಾಕಿ ಪಡೆದುಕೊಂಡರು ಎಂಬುದಕ್ಕಲ್ಲ. ನಿಮ್ಮ ತಂತ್ರಾಂಶ ಹೋಸ್ಟಿಂಗ್ ಸರ್ವರ್‌ಗೆ ಪತ್ರವನ್ನು ಒಪ್ಪಿಸಿದೆ, ಅಷ್ಟೇ. ಅಲ್ಲಿಂದ ಮುಂದೆ ಆ ಸರ್ವರ್ ಜಿಮೇಲ್‌ನ ಅಥವಾ ಸದಸ್ಯರ ಕಂಪನಿಯ ಸರ್ವರ್‌ನ ಬಾಗಿಲು ತಟ್ಟಬೇಕು. ಆ ಸರ್ವರ್ ಕೊಡುವ ಉತ್ತರ 4ರಿಂದ ಆರಂಭವಾದರೆ ‘ಈಗ ಬೇಡ, ಆಮೇಲೆ ಬಾ’ ಎಂದು ಅರ್ಥ. 5ರಿಂದ ಆರಂಭವಾದರೆ ‘ತೆಗೆದುಕೊಳ್ಳುವುದೇ ಇಲ್ಲ’ ಎಂದು ಅರ್ಥ. ಪತ್ರ ಯಾವ ಹಂತದಲ್ಲಿ ನಿಂತಿತು ಎಂಬುದು ಎಲ್ಲೋ ಒಂದು ಕಡೆ ದಾಖಲಾಗಿಯೇ ಇರುತ್ತದೆ. ಅದನ್ನು ಓದದೆ ಮಾಡುವ ಯಾವ ತಿದ್ದುಪಡಿಯೂ ಕತ್ತಲೆಯಲ್ಲಿ ತಡಕಾಡಿದಂತೆ.

ನಿಮ್ಮ ಹೋಸ್ಟಿಂಗ್‌ನಲ್ಲಿ ಸಿಪ್ಯಾನೆಲ್ (ಹೋಸ್ಟಿಂಗನ್ನು ನಿರ್ವಹಿಸುವ ಪುಟ) ಇದ್ದರೆ, ಇಮೇಲ್ ವಿಭಾಗದಲ್ಲಿ ‘ಟ್ರ್ಯಾಕ್ ಡೆಲಿವರಿ’ ಎಂಬುದನ್ನು ತೆರೆದು ನೋಡಿ. ಪತ್ರ ಸಿಕ್ಕಿದ ಒಬ್ಬ ಸದಸ್ಯರಿಂದ ಪತ್ರದ ತಪಾಸಣೆಯ ವಿವರ ತೋರಿಸುವ, ಜಿಮೇಲ್‌ನ ‘ಶೋ ಒರಿಜಿನಲ್’ ಪುಟವನ್ನು ತರಿಸಿಕೊಳ್ಳಿ. ಇನ್ನೊಂದು ಕೆಲಸಕ್ಕೆ ಕಂಪ್ಯೂಟರ್ ಬೇಕಾಗಿಲ್ಲ: ಸದಸ್ಯರ ರಿಜಿಸ್ಟರ್ ತೆಗೆದು, ಸಿಕ್ಕಿದೆ ಎಂದು ಖಚಿತವಾಗಿ ಹೇಳಿದವರಿಗೆ ಒಂದು ಗುರುತು, ಸಿಕ್ಕಿಲ್ಲ ಎಂದವರಿಗೆ ಇನ್ನೊಂದು ಗುರುತು ಹಾಕಿ. ನಿಮ್ಮ ತಂತ್ರಾಂಶ ಸದಸ್ಯ ಸಂಖ್ಯೆಯ ಕ್ರಮದಲ್ಲಿ ಕಳುಹಿಸುತ್ತದೆ ಎಂದಾದರೆ ಆ ಗುರುತುಗಳೇ ಬಹಳಷ್ಟನ್ನು ಹೇಳಬಹುದು.

ಮರುಉತ್ತರ: ಸ್ವರ್ಣಾತೀರ

ಬಹಳ ಉಪಕಾರವಾಯಿತು ಸರ್. ಎರಡು ದಿನ ಕುಳಿತು ಫೋನ್ ಮತ್ತು ವಾಟ್ಸ್ಆ್ಯಪ್‌ನಲ್ಲಿ 260 ಸದಸ್ಯರನ್ನು ಕೇಳಿದೆ. ಜೂನ್ ತಿಂಗಳ ಗುರುತುಗಳು ಪಟ್ಟೆಪಟ್ಟೆಯಾಗಿ ಬಂದಿವೆ. ಸುಮಾರು 150ನೆಯ ಸಂಖ್ಯೆಯವರೆಗೆ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಿದೆ, ಅಲ್ಲಿಂದ 380ರ ತನಕ ಯಾರಿಗೂ ಇಲ್ಲ, ಮತ್ತೆ 510ರವರೆಗೆ ಸಿಕ್ಕಿದೆ, ಮತ್ತೆ ಇಲ್ಲ. ಜುಲೈಯಲ್ಲೂ ಪಟ್ಟೆಗಳಿವೆ, ಆದರೆ ಅವುಗಳ ಜಾಗ ಬೇರೆ.

ಟ್ರ್ಯಾಕ್ ಡೆಲಿವರಿಯಲ್ಲಿ ನೂರಾರು ಕೆಂಪು ಸಾಲುಗಳಿವೆ. ಹೆಚ್ಚಿನವುಗಳಲ್ಲಿ ‘ಮ್ಯಾಕ್ಸ್ ಡಿಫರ್ಸ್ ಆ್ಯಂಡ್ ಫೇಲ್ಯೂರ್ಸ್ ಪರ್ ಅವರ್’ ಎಂದೂ ಕೊನೆಗೆ ‘ಮೆಸೇಜ್ ಡಿಸ್ಕಾರ್ಡೆಡ್’ ಎಂದೂ ಇದೆ. ಕೆಲವು ಜಿಮೇಲ್ ವಿಳಾಸಗಳ ಮುಂದೆ 421 4.7.26, ಇನ್ನು ಕೆಲವಕ್ಕೆ 550 5.7.26 ಎಂದಿದೆ. ಪತ್ರ ಸಿಕ್ಕಿದವರು ಕಳುಹಿಸಿದ ಒರಿಜಿನಲ್ ಪುಟದಲ್ಲಿ ಎಸ್‌ಪಿಎಫ್ ಎಂಬಲ್ಲಿ ‘ಪರ್ಮ್‌ಎರರ್’ ಎಂದು ಬರೆದಿದೆ. ಡಿಕಿಮ್ ಎಂಬ ಸಾಲೇ ಇಲ್ಲ.

ಉತ್ತರ: ನೆಟ್ಟಿಗ (ಮಣಿಪಾಲ)

ಸರ್, ನಿಮ್ಮ ರಿಜಿಸ್ಟರ್‌ನ ಪಟ್ಟೆಗಳು ಗಂಟೆಗಳು. ಬೆಳಿಗ್ಗೆ 10ಕ್ಕೆ ಕಳುಹಿಸಲು ಆರಂಭಿಸಿ ಮಧ್ಯಾಹ್ನ 1ರ ಹೊತ್ತಿಗೆ ಮುಗಿಯುತ್ತದೆ ಎಂದಾದರೆ ಗಂಟೆಗೆ ಸುಮಾರು 380 ಪತ್ರಗಳಾಗುತ್ತವೆ. ಒಂದು ಗಂಟೆಯೊಳಗೆ ಒಂದು ಡೊಮೇನ್‌ನಿಂದ (ಇಮೇಲ್ ವಿಳಾಸದಲ್ಲಿ @ ನಂತರದ ಹೆಸರು) ಹೊರಟ ಪತ್ರಗಳಲ್ಲಿ ತಿರಸ್ಕೃತವಾದವು ಮತ್ತು ತಡೆಹಿಡಿಯಲ್ಪಟ್ಟವು ನಿಗದಿತ ಪ್ರಮಾಣವನ್ನು ಮೀರಿದರೆ, ಆ ಗಂಟೆ ಮುಗಿಯುವ ತನಕ ಆ ಡೊಮೇನ್‌ನ ಉಳಿದ ಪತ್ರಗಳನ್ನು ಎಸೆದುಬಿಡುವಂತೆ ಸಿಪ್ಯಾನೆಲ್ ಸರ್ವರ್‌ಗಳಲ್ಲಿ ಮಿತಿ ಇಟ್ಟಿರುತ್ತಾರೆ. ಸ್ಪ್ಯಾಮ್ ಕಳುಹಿಸುವವರನ್ನು ತಡೆಯಲು ಮಾಡಿದ ಏರ್ಪಾಡು ಅದು. ಅದರಲ್ಲಿ ನಿಮ್ಮ ಸರಿಯಾದ ಪತ್ರಗಳೂ ಸಿಕ್ಕಿಹಾಕಿಕೊಂಡಿವೆ. ಹೊಸ ಗಂಟೆ ಆರಂಭವಾದಾಗ ಬಾಗಿಲು ತೆರೆಯುತ್ತದೆ, ಸೋಲುಗಳು ಸೇರಿದಾಗ ಮತ್ತೆ ಮುಚ್ಚುತ್ತದೆ. ಜುಲೈಯಲ್ಲಿ ಪಟ್ಟೆಗಳ ಜಾಗ ಬದಲಾಗಿದೆ ಎಂದರೆ ಆ ತಿಂಗಳು ನೀವು ಬೇರೆ ಹೊತ್ತಿಗೆ ಆರಂಭಿಸಿರಬೇಕು.

ಇನ್ನು ಅಷ್ಟು ಸೋಲುಗಳು ಎಲ್ಲಿಂದ ಬಂದವು ಎಂಬುದೇ ಮುಖ್ಯ. ಒಂದು ಭಾಗ, ಕೆಲಸ ಬಿಟ್ಟವರ ಕಂಪನಿ ವಿಳಾಸಗಳಂತಹ ಸತ್ತ ವಿಳಾಸಗಳು. ಇನ್ನೊಂದು ಭಾಗ ನಿಮ್ಮ ಡಿಎನ್ಎಸ್‌ನಲ್ಲಿ, ಅಂದರೆ ಡೊಮೇನ್‌ನ ವಿವರಗಳನ್ನು ಎಲ್ಲರಿಗೂ ಕಾಣುವಂತೆ ಬರೆದಿಡುವ ದಾಖಲೆಯಲ್ಲಿದೆ. ಒಂದು ಡೊಮೇನ್‌ನ ಹೆಸರಿನಲ್ಲಿ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದು ಎಂದು ಸಾರುವ ಎಸ್‌ಪಿಎಫ್ ಸಾಲು ಒಂದೇ ಇರಬೇಕೆಂದು 2014ರ ಆರ್‌ಎಫ್‌ಸಿ 7208 ಎಂಬ ಇಂಟರ್ನೆಟ್ ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ. ಎರಡಿದ್ದರೆ ಸ್ವೀಕರಿಸುವ ಸರ್ವರ್ ಎರಡನ್ನೂ ಬದಿಗಿಟ್ಟು ಪರ್ಮ್‌ಎರರ್ (ಶಾಶ್ವತ ದೋಷ) ಎನ್ನುತ್ತದೆ. ಏಪ್ರಿಲ್‌ನಲ್ಲಿ ವರ್ಕ್‌ಸ್ಪೇಸ್‌ಗಾಗಿ ಹೊಸ ಸಾಲು ಸೇರಿಸಿದವರು ಹೋಸ್ಟಿಂಗ್‌ನ ಹಳೆಯ ಸಾಲನ್ನು ಹಾಗೆಯೇ ಬಿಟ್ಟಿರಬೇಕು ಎಂಬುದು ನನ್ನ ಬಲವಾದ ಅನುಮಾನ. ಎರಡನ್ನೂ ಕೂಡಿಸಿ ಒಂದೇ ಸಾಲು ಮಾಡಿ, ಅದರ ಒಳಗಿನ ಡಿಎನ್ಎಸ್ ಹುಡುಕಾಟಗಳು ಒಟ್ಟು 10ನ್ನು ಮೀರದಂತೆ ನೋಡಿಕೊಳ್ಳಿ.

ಡಿಕಿಮ್ ಎಂಬುದು ಪತ್ರಕ್ಕೆ ಹಾಕುವ ಮುದ್ರೆ. ಹೋಸ್ಟಿಂಗ್ ಸರ್ವರ್‌ನಿಂದ ಹೊರಟ ಪತ್ರಗಳಿಗೆ ಆ ಮುದ್ರೆಯೇ ಬಿದ್ದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ, ದಿನಕ್ಕೆ ಒಂದೇ ಪತ್ರ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್‌ಗಳಲ್ಲಿ ಒಂದಾದರೂ ಸರಿಯಾಗಿರಲೇಬೇಕೆಂದು ನಿಯಮ ಮಾಡಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಎರಡೂ ಬೇಕು, ಜೊತೆಗೆ ಈ ತಪಾಸಣೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಸಾರುವ ಡಿಮಾರ್ಕ್ ಕೂಡ ಬೇಕು. ನಿಮ್ಮಲ್ಲಿ ಒಂದು ಕೆಟ್ಟಿದೆ, ಇನ್ನೊಂದು ಇಲ್ಲವೇ ಇಲ್ಲ. 421 4.7.26 ಎಂದರೆ ಗುರುತು ಸಾಬೀತಾಗದ ಪತ್ರಗಳಿಗೆ ಜಿಮೇಲ್ ಹಾಕಿದ ವೇಗದ ಕಡಿವಾಣ, 550 5.7.26 ಎಂದರೆ ಅದೇ ಕಾರಣಕ್ಕೆ ಪೂರ್ಣ ತಿರಸ್ಕಾರ. ಆ ಸೋಲುಗಳೇ ಗಂಟೆಯ ಮಿತಿಯನ್ನು ತುಂಬಿ, ಜಿಮೇಲ್‌ಗೆ ಸಂಬಂಧವೇ ಇಲ್ಲದ ಸದಸ್ಯರ ಪತ್ರಗಳನ್ನೂ ನುಂಗಿವೆ.

ನನ್ನ ಸಲಹೆ ಹೀಗಿದೆ. ಹಂಚಿಕೆಯ ಹೋಸ್ಟಿಂಗ್ ಸರ್ವರ್‌ನಲ್ಲಿ ಇತರರು ಮಾಡಿದ ತಪ್ಪಿಗೂ ನಿಮ್ಮ ಪತ್ರಗಳು ಬೆಲೆ ತೆರಬೇಕಾಗುತ್ತದೆ. ಆದ್ದರಿಂದ ತಂತ್ರಾಂಶವನ್ನೂ ವರ್ಕ್‌ಸ್ಪೇಸ್‌ನ ಮೂಲಕವೇ ಕಳುಹಿಸುವಂತೆ ಮಾಡಿ. ಹಣ ಕೊಟ್ಟು ಪಡೆದ ವರ್ಕ್‌ಸ್ಪೇಸ್ ಖಾತೆಗೆ ದಿನಕ್ಕೆ 2,000 ಪತ್ರಗಳ ಮಿತಿ ಇರುವುದರಿಂದ 1,140 ಸಲೀಸಾಗಿ ಹೋಗುತ್ತವೆ. ಆದರೆ ಇದಕ್ಕೆ ಪ್ರತ್ಯೇಕ ಖಾತೆಯನ್ನೇ ತೆರೆಯಿರಿ. ಮಿತಿ ಮೀರಿ ಖಾತೆಗೆ ತಡೆ ಬಿದ್ದರೆ ಕಚೇರಿಯ ಪತ್ರವ್ಯವಹಾರವೂ ನಿಲ್ಲಬಾರದು. ಗೂಗಲ್‌ನ ಡಿಕಿಮ್ ಕೀಲಿ 2048 ಬಿಟ್‌ನದ್ದಾದರೆ ಅದು 255 ಅಕ್ಷರಗಳನ್ನು ಮೀರುತ್ತದೆ, ಕೆಲವು ಡಿಎನ್ಎಸ್ ಪುಟಗಳಲ್ಲಿ ಅದನ್ನು ಎರಡು ತುಂಡು ಮಾಡಿ ಹಾಕಬೇಕಾಗುತ್ತದೆ. ಅಲ್ಲಿ ಒಂದು ಅಕ್ಷರ ಬಿಟ್ಟುಹೋದರೂ ಮುದ್ರೆ ಒಡೆಯುತ್ತದೆ. ಡಿಮಾರ್ಕನ್ನು ಮೊದಲು ‘ನನ್’ ಎಂಬ ಸಡಿಲ ಹಂತದಲ್ಲಿಟ್ಟು, ಬರುವ ವರದಿಗಳನ್ನು ಕೆಲವು ವಾರ ಓದಿದ ಮೇಲೆಯೇ ಬಿಗಿಗೊಳಿಸಿ.

ಉತ್ತರ: ಕಾಪುವಿನವರು (ಶಾರ್ಜಾ)

ನಾನು ತಾಂತ್ರಿಕನಲ್ಲ, ಊರಿನ ಇಂಥದೇ ಒಂದು ಸಂಘದ ಸದಸ್ಯ. ಪಡೆಯುವವರ ಕಡೆಯಿಂದ ಒಂದು ಮಾತು ಹೇಳಬೇಕು. ನಮ್ಮ ಕೋಣೆಯಲ್ಲಿರುವ ಐವರಲ್ಲಿ ಇಬ್ಬರು, ಬೇಡವಾದ ಪತ್ರವನ್ನು ಅಳಿಸುವ ಬದಲು ‘ಸ್ಪ್ಯಾಮ್’ ಗುಂಡಿ ಒತ್ತುತ್ತಾರೆ. ಎರಡೂ ಒಂದೇ ಎಂದುಕೊಂಡಿದ್ದಾರೆ. ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಬಿದ್ದ ಪತ್ರ 30 ದಿನಗಳ ನಂತರ ತಾನಾಗಿಯೇ ಅಳಿಯುತ್ತದೆ, ಆಮೇಲೆ ಹುಡುಕಿದರೂ ಸಿಗದು. ದಯವಿಟ್ಟು ನಿಮ್ಮ ಸದಸ್ಯರಿಗೆ ಇದನ್ನು ತಿಳಿಸಿ, ಸಂಘದ ವಿಳಾಸವನ್ನು ಕಾಂಟ್ಯಾಕ್ಟ್‌ನಲ್ಲಿ ಸೇರಿಸಿಕೊಳ್ಳಲು ಹೇಳಿ.

ಉತ್ತರ: ನೆಟ್ಟಿಗ (ಮಣಿಪಾಲ)

ಇವರ ಮಾತಿಗೆ ತೂಕವಿದೆ. ಸ್ಪ್ಯಾಮ್ ದೂರುಗಳ ಪ್ರಮಾಣ 0.3%ಕ್ಕೆ ತಲುಪಬಾರದು ಎಂದು ಗೂಗಲ್ ಹೇಳುತ್ತದೆ. ಸಾವಿರ ಪತ್ರಗಳಲ್ಲಿ ಅದು ಕೇವಲ ಮೂರು ಬೆರಳುಗಳ ಒತ್ತು.

ಮರುಉತ್ತರ: ಸ್ವರ್ಣಾತೀರ

ಎಲ್ಲರಿಗೂ ಹೃದಯಪೂರ್ವಕ ಕೃತಜ್ಞತೆಗಳು. ಜುಲೈ 5ರಂದು ಬೆಳಿಗ್ಗೆ ಕರೆಂಟ್ ಹೋಗಿ ಹನ್ನೊಂದೂವರೆಗೆ ಆರಂಭಿಸಿದ್ದು ನಿಜ; ಹಾಜರಿ ಪುಸ್ತಕ ನೋಡಿದಾಗ ನೆನಪಾಯಿತು. ಡಿಎನ್ಎಸ್‌ನಲ್ಲಿ ನೀವು ಹೇಳಿದಂತೆಯೇ ಎರಡು ಎಸ್‌ಪಿಎಫ್ ಸಾಲುಗಳಿದ್ದವು, ಈಗ ಒಂದಾಗಿದೆ. ಪಟ್ಟಿಯಿಂದ 63 ಸತ್ತ ವಿಳಾಸಗಳನ್ನು ತೆಗೆದೆ. ಅವುಗಳಲ್ಲಿ 9 ವಿಳಾಸಗಳಲ್ಲಿ ಜಿಮೇಲ್ ಎಂಬ ಹೆಸರಿನ ಅಕ್ಷರಗಳೇ ಅದಲುಬದಲಾಗಿದ್ದವು, ಅದು ನಮ್ಮ ಕೌಂಟರಿನಲ್ಲೇ ಆದ ತಪ್ಪು. ಆ ಸದಸ್ಯರಿಗೆ ಫೋನ್ ಮಾಡಿ ಸರಿಪಡಿಸುತ್ತಿದ್ದೇವೆ.

ಆಗಸ್ಟ್ 5ರಂದು ಹೊಸ ಖಾತೆಯಿಂದ 1,077 ಪತ್ರಗಳು ಹೋದವು, ಹಿಂದಿರುಗಿದ್ದು ನಾಲ್ಕು ಮಾತ್ರ. ಒರಿಜಿನಲ್ ಪುಟದಲ್ಲಿ ಮೂರೂ ಕಡೆ ‘ಪಾಸ್’ ಎಂದಿದೆ. ಮಸ್ಕತ್‌ನ ಆ ಸದಸ್ಯರು ಕಂತಿನ ಲೆಕ್ಕ ಸಿಕ್ಕಿತೆಂದು ಅದೇ ಸಂಜೆ ಉತ್ತರಿಸಿದರು.

ಒಂದು ಸಂಶಯ ಉಳಿದಿದೆ. ನಮ್ಮ ನಿರ್ದೇಶಕರೊಬ್ಬರು ತಮ್ಮ ಅಂಗಡಿಯ ಇಮೇಲ್ ವಿಳಾಸಕ್ಕೆ ಬಂದುದೆಲ್ಲವೂ ತಾನಾಗಿ ಜಿಮೇಲ್‌ಗೆ ಹೋಗುವಂತೆ ಮಾಡಿಕೊಂಡಿದ್ದಾರೆ. ಅವರ ಪುಟದಲ್ಲಿ ಮಾತ್ರ ಎಸ್‌ಪಿಎಫ್ ‘ಫೇಲ್’ ಎಂದು ತೋರಿಸುತ್ತಿದೆ.

ಉತ್ತರ: ಕೊಡಿಯಾಲ (ಮಂಗಳೂರು)

ಅದು ನಿಮ್ಮ ತಪ್ಪಲ್ಲ ಸರ್. ಹಾಗೆ ದಾಟಿಸಿದಾಗ ಜಿಮೇಲ್‌ಗೆ ಕಾಣುವುದು ಅವರ ಅಂಗಡಿಯ ಸರ್ವರ್, ಅದರ ಹೆಸರು ನಿಮ್ಮ ಎಸ್‌ಪಿಎಫ್ ಸಾಲಿನಲ್ಲಿ ಇರುವುದಿಲ್ಲ. ನಡುವಿನ ಸರ್ವರ್ ಪತ್ರದ ಒಳಗನ್ನು ಮುಟ್ಟದಿದ್ದರೆ ಡಿಕಿಮ್ ಮುದ್ರೆ ಹಾಗೆಯೇ ಉಳಿಯುತ್ತದೆ, ಡಿಮಾರ್ಕ್‌ಗೆ ಎರಡರಲ್ಲಿ ಒಂದು ಸಾಕು. ಆದರೂ ಮಹಾಸಭೆಯ ನೋಟಿಸನ್ನು ಅವರ ಜಿಮೇಲ್‌ಗೆ ನೇರವಾಗಿಯೇ ಕಳುಹಿಸಿ.