ಹಳೇ ಮನೆ ಕೊಂಡು ರಿಪೇರಿ ಮಾಡಿಸೋದು: ಲೋನ್ ತೆಗೆದು ಕೈ ಹಾಕಲೋ ಬೇಡವೋ?

ಕೇಳಿದವರು: ನಲವತ್ತು ವರ್ಷ ಹಳೇ ಮನೆ ನೋಡಿದ್ದೀವಿ. ಜಾಗ ಒಳ್ಳೇದು, ಹೊಸದಕ್ಕಿಂತ ತುಂಬ ಕಡಿಮೆಗೆ ಬರ್ತಿದೆ. ಸೂರು ಸೋರತ್ತೆ, ಹಾಲಿಗೆ ಫಾಲ್ಸ್ ಸೀಲಿಂಗ್ ಇದೆ, ಅದರ ಮೇಲಿನ ನಿಜವಾದ ಸೂರು ಕಾಣಲ್ಲ. ಕೊಳ್ಳೋಕೂ ರಿಪೇರಿಗೂ ಲೋನೇ ಗತಿ. ಮಾಡಿಸಿದವರು ಅನುಭವ ಹೇಳ್ತೀರಾ?

ಕೈಸುಟ್ಟವ: ನಾನು ಕೈ ಹಾಕಿ ಆರು ವರ್ಷ ಆಯ್ತು, ಇನ್ನೂ ಉರಿ ಇಳಿದಿಲ್ಲ. ಬಚ್ಚಲ ಸೂರಲ್ಲಿ ಅಂಗೈ ಅಗಲ ಕಂದು ಕಲೆ. ಕೆರೆದು ಪೇಂಟ್ ಹೊಡೆದರೆ ಮುಗೀತು ಅಂದ ಮೇಸ್ತ್ರಿ. ಕೆರೆದದ್ದೇ ತಡ, ತಟ್ಟೆಯಷ್ಟು ಅಗಲದ ಚಕ್ಕೆ ಅವನ ಕಾಲ ಹತ್ರಾನೇ ಬಿತ್ತು. ಒಳಗಿನ ಕಂಬಿ ಮುಟ್ಟಿದರೆ ಪದರ ಪದರವಾಗಿ ಕೈಗೆ ಬರ್ತಿತ್ತು. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನ ಒಳಗಿಂದ ಸೀಳತ್ತೆ, ಹೊರಗೆ ಪೇಂಟ್ ಬಳಿದು ಏನು ಮಾಡ್ತೀರಿ? ಆಮೇಲೆ ನೀರಿನ ಜಿಐ ಪೈಪು, ಅಂದ್ರೆ ಸತು ಲೇಪಿಸಿದ ಕಬ್ಬಿಣದ್ದು. ಅರ್ಧ ಇಂಚಿನ ಪೈಪು, ಒಳಗೆ ತುಕ್ಕು ಕಟ್ಟಿ ಪೆನ್ಸಿಲ್ ಕೂಡ ತೂರಲ್ಲ. ವೈರಿಂಗಿಗೆ ಅಂತ ಗೋಡೆ ಕೊರೆದರು, ಗಾರೆ ಇಡೀ ಉದುರಿತು. ಐದು ತಿಂಗಳ ಕೆಲಸ ಹದಿನಾಲ್ಕಕ್ಕೆ ಎಳೀತು, ಅಷ್ಟೂ ತಿಂಗಳು ಬಾಡಿಗೆನೂ ಕಟ್ಟಿದೆ, ಕಂತೂ ಕಟ್ಟಿದೆ. ಬ್ಯಾಂಕಿನವರು ಕೆಲಸ ಆದಷ್ಟಕ್ಕೇ ದುಡ್ಡು ಬಿಡೋದು, ಮೇಸ್ತ್ರಿ ಮುಂಗಡ ಇಲ್ದೆ ಕರಣೆ ಮುಟ್ಟಲ್ಲ. ನಡುವೆ ಕೈಸಾಲ. ಅಂದಾಜಿನ 1.6 ಪಟ್ಟು ಆಯ್ತು, ಲೆಕ್ಕದ ಪುಸ್ತಕ ಈಗ್ಲೂ ಇಟ್ಟಿದ್ದೀನಿ.

ಸ್ವಂತ ಮೇಸ್ತ್ರಿ: ನಮ್ಮದು ಅದಕ್ಕಿಂತ ಹಳೇದು. ಅಗ್ರಿಮೆಂಟಿಗೆ ಮುಂಚೆನೇ ಕಟ್ಟಡ ಗಟ್ಟಿ ಇದೆಯಾ ಅಂತ ನೋಡೋ ಸ್ಟ್ರಕ್ಚರಲ್ ಇಂಜಿನಿಯರನ್ನ ಕರ್ಕೊಂಡು ಹೋಗಿದ್ದೆ. ಅಂದಾಜಿನ ಮೇಲೆ ಶೇ. 20 ಪಕ್ಕಕ್ಕಿಟ್ಟಿದ್ದೆ, ಶೇ. 17 ಹೋಯ್ತು. ಟೈಲ್ಸ್ ಒಡೆದದ್ದು ನಾನೇ, ಹನ್ನೊಂದು ಭಾನುವಾರ. ಮೊಣಕೈ ನೋವು ಇನ್ನೂ ಇದೆ, ಆದರೆ ಆ ಬಾಗಿಲ ಮರ ಇದೆಯಲ್ಲ, ಈಗಿನ ಮನೇಲಿ ಅಂಥದ್ದು ತೋರಿಸಿ ನೋಡೋಣ. ಕಣ್ಣು ಮುಚ್ಚಿ ಕೊಂಡು ಆಮೇಲೆ ಮನೆನ ಬೈದರೆ ಹೇಗೆ?

ಕೈಸುಟ್ಟವ: ಕಣ್ಣು ಮುಚ್ಚಿ ಕೊಂಡೆ ಅಂತ ಯಾರ್ರೀ ಹೇಳಿದ್ದು? ನಮ್ಮಲ್ಲೂ ಇಂಜಿನಿಯರ್ ಬಂದಿದ್ದರು. ಕೈಗೆಟುಕಿದ ಕಡೆ ಸುತ್ತಿಗೆ ತಟ್ಟಿ ಸದ್ದು ಕೇಳಿದರು. ಹಾಲಿನ ಫಾಲ್ಸ್ ಸೀಲಿಂಗ್ ಬಿಚ್ಚೋಕೆ ಮಾರೋರು ಬಿಡಲಿಲ್ಲ. ಅದರ ಮೇಲೆ ಅಡಗಿದ್ದ ಸೂರಿಗೇ ಅರ್ಧ ಖರ್ಚು ಹೋಯ್ತು. ನಿಮ್ಮ ಬಾಗಿಲ ಮರ ನಿಮ್ಮ ಹತ್ರಾನೇ ಇರಲಿ.

ಎರಡು ಸಾಲದಾಕೆ: ಬ್ಯಾಂಕಿನ ವ್ಯಾಲ್ಯುಯೇಟರ್ ಮನೆ ಇದ್ದ ಸ್ಥಿತಿಗೇ ಬೆಲೆ ಕಟ್ಟಿದರು, ಲೋನ್ ಅಂದುಕೊಂಡದ್ದಕ್ಕಿಂತ ಕಮ್ಮಿ ಬಂತು. ರಿಪೇರಿಗೆ ಪರ್ಸನಲ್ ಲೋನ್ ಎತ್ತಿದ್ವಿ. ಬಡ್ಡಿ ಜಾಸ್ತಿ, ಅವಧಿ ಕಮ್ಮಿ. ಚಿಕ್ಕ ಸಾಲದ ಕಂತೇ ದೊಡ್ಡದು! ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ 48 ಗಂಟೆ ನೀರು ಕಟ್ಟಿ ನಿಲ್ಲಿಸಿದ್ವಿ, ಒಂದು ಹನಿ ಇಳೀಲಿಲ್ಲ. ಬಚ್ಚಲಲ್ಲಿ ಮಾತ್ರ ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿ ಉಳಿಸಿದ್ವಿ.

ಸ್ವಂತ ಮೇಸ್ತ್ರಿ: ಟೈಲ್ಸ್ ಮೇಲೆ ಟೈಲ್ಸಾ ಮೇಡಂ? ಕೆಳಗೆ ಲೀಕ್ ಇದ್ದರೆ ಕಂಬಳಿ ಹೊದಿಸಿದ ಹಾಗಾಯ್ತು. ನೆಲ ಎತ್ತರ ಆಗಿ ಬಾಗಿಲು ಉಜ್ಜಲ್ವಾ?

ಎರಡು ಸಾಲದಾಕೆ: ಬಾಗಿಲ ಬುಡ ಒಂದು ಸೆಂಟಿಮೀಟರ್ ಕೊಯ್ಸಿದ್ವಿ. ಹನ್ನೊಂದು ಭಾನುವಾರ ಉಳೀತು.

ಕೇಳಿದವರು: ಹಾಗಾದರೆ ಫಾಲ್ಸ್ ಸೀಲಿಂಗ್ ಬಿಚ್ಚಿಸಿಯೇ ನೋಡಬೇಕಾ?

ಸ್ವಂತ ಮೇಸ್ತ್ರಿ: ಒಂದು ಸೆಂಟಿಮೀಟರಲ್ಲಿ ಟೈಲ್ಸೂ ಅಂಟೂ ಎರಡೂ ಕೂತ್ವಾ? ಯಾವ ಟೈಲ್ಸ್ ಮೇಡಂ ಅದು?