ಸಹಾಯ ಬೇಕು: ಆಯಿಲ್ ಪ್ರೆಷರ್ ಸೆಂಡರ್‌ಗೆ ಟೀ ಅಡಾಪ್ಟರ್, ದಾವಣಗೆರೆ

ನಮಸ್ಕಾರ. ಡೀಸೆಲ್ ಎಂಜಿನ್‌ಗೆ ಹೊಸ ಆಯಿಲ್ ಪ್ರೆಷರ್ ಮೀಟರ್ ಕೂರಿಸಬೇಕು. ಎಂಜಿನ್ ಬ್ಲಾಕ್‌ನ ತೂತು 1/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಟೇಪರ್, ಇಂಚಿಗೆ 28 ಥ್ರೆಡ್. ಸೆಂಡರ್, ಅಂದ್ರೆ ಪ್ರೆಷರ್ ಅಳೆದು ಮೀಟರ್‌ಗೆ ಕಳಿಸುವ ಭಾಗ, 1/8 ಎನ್‌ಪಿಟಿ (ಅಮೆರಿಕನ್ ಪೈಪ್ ಥ್ರೆಡ್), 27 ಥ್ರೆಡ್. ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಹಿಡ್ಕೊಳ್ಳುತ್ತೆ. ಅಲ್ಲಿ ಸ್ಪ್ಯಾನರ್ ಹಾಕಿ ಜಗ್ಗಿದರೆ ಬ್ಲಾಕ್ ಥ್ರೆಡ್ಡೇ ಹಾಳು.

ಅದೇ ತೂತಿನಲ್ಲಿ ಹಳೇ ವಾರ್ನಿಂಗ್ ಸ್ವಿಚ್ಚೂ ಉಳಿಯಬೇಕು, ಅದಕ್ಕೇ ಟೀ (ಮೂರು ಬಾಯಿಯ ಜಾಯಿಂಟ್). ಸೆಂಡರ್ ಭಾರ; ಟೀ ಮೇಲೆ ನೇತಾಡಿದರೆ ಅದುರಿ ಅದುರಿ ಕುತ್ತಿಗೆ ಸೀಳಿ ಆಯಿಲ್ ಪೂರ್ತಿ ಹೊರಗೆ. ಹಾಗಾಗಿ ಆಯಿಲ್ ಹೋಸ್ ಎಳೆದು ಸೆಂಡರನ್ನು ಚಾಸಿಗೆ ಕ್ಲಾಂಪ್ ಮಾಡಿ, ಅದರ ಬಾಡಿಗೆ ಬೇರೆ ಅರ್ಥ್ ವೈರ್ ಕೊಡುವ ಯೋಚನೆ. ಟೀ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಲ್ಲ, ಸ್ವಿಚ್‌ನ ಅರ್ಥ್ ಕೆಡಬಹುದು.

ಪಿ.ಬಿ. ರಸ್ತೆ ಆಸುಪಾಸಿನಲ್ಲಿ ಈ ಟೀಯನ್ನು ಸ್ಟೀಲ್‌ನಲ್ಲಿ, ಎರಡೂ ಥ್ರೆಡ್ ಸರಿಯಾಗಿ ಹೊಡೆದು ಕೊಡುವ ಲೇತ್‌ನವರು ಗೊತ್ತಿದ್ರೆ ದಯವಿಟ್ಟು ತಿಳಿಸಿ. ಮೀಟರ್ 10–180 ಓಮ್ ರೆಸಿಸ್ಟೆನ್ಸ್‌ನ ಸೆಂಡರ್‌ಗೆ ಹೊಂದುವಂಥದ್ದು. ಕೈಲಿರುವ ಸೆಂಡರ್ ಇದಕ್ಕೆ ಹೊಂದದಿದ್ದರೆ, ಹೊಂದುವ ಸೆಂಡರ್ ಸಿಗುವ ಅಂಗಡಿಯೂ ಬೇಕು.