ಬ್ಯಾಕ್‌ಲ್ಯಾಶ್, ಕೆರ್ಫ್: ಕಟಿಂಗ್ ಟೇಬಲ್ ಕೈಪಿಡಿಗೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಹಳೆಯ ಸಿಎನ್‌ಸಿ ಪ್ಲಾಸ್ಮಾ ಕಟಿಂಗ್ ಟೇಬಲ್ (ಕಂಪ್ಯೂಟರ್ ಹೇಳಿದಂತೆ ಓಡಿ ಲೋಹದ ಹಾಳೆ ಕೊಯ್ಯುವ ಯಂತ್ರ) ಒಂದನ್ನು ಮನೆಯ ಶೆಡ್ಡಿನಲ್ಲಿ ರಿಪೇರಿ ಮಾಡುತ್ತಿದ್ದೇನೆ. ಹಳೆಯ ಕಂಟ್ರೋಲರ್ ತೆಗೆದು ಲಿನಕ್ಸ್‌ಸಿಎನ್‌ಸಿ ಎಂಬ ಯಂತ್ರ ಓಡಿಸುವ ಸಾಫ್ಟ್‌ವೇರ್ ಹಾಕಿದ್ದಾಯಿತು. ಜೊತೆಗಿರುವವನು ಅಣ್ಣನ ಮಗ, ಐಟಿಐನಲ್ಲಿ ಫಿಟ್ಟರ್ ಓದುತ್ತಿದ್ದಾನೆ. ಮುಂದೆ ಟೇಬಲ್ ನೋಡಿಕೊಳ್ಳುವವನು ಅವನೇ. ಅವನಿಗಾಗಿ ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ.

ಮೋಟರ್, ಡ್ರೈವರ್ (ಮೋಟರ್ ಓಡಿಸುವ ಸರ್ಕ್ಯೂಟ್), ಟಾರ್ಚ್ (ಲೋಹ ಕೊಯ್ಯುವ ಮೂತಿ), ಗ್ಯಾಂಟ್ರಿ (ಟಾರ್ಚ್ ಹೊತ್ತು ಟೇಬಲ್ ಮೇಲೆ ಓಡುವ ಅಡ್ಡ ಚೌಕಟ್ಟು) ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಕೇಳುವಾಗ ಆ ಹೆಸರೇ ಬೇಕು. ರಸಮಟ್ಟ, ಮೂಲೆಮಟ್ಟ ಹೇಗೂ ನಮ್ಮಲ್ಲೇ ಇವೆ. ನಾನು ಸಿಕ್ಕಿಕೊಂಡಿರುವುದು ಅಳತೆ ತಪ್ಪುವ ಕಾರಣಗಳಿಗೆ ಹೆಸರಿಡುವಲ್ಲಿ. ಒಂದು ಕಾರಣವನ್ನು ಇನ್ನೊಂದು ಅಂದುಕೊಂಡರೆ ಸುಮ್ನೆ ಬೇರೆಲ್ಲೋ ಬಿಚ್ಚಿ ಕೂರಬೇಕಾಗುತ್ತದೆ.

ದೊಡ್ಡ ಪ್ರಶ್ನೆ ಬ್ಯಾಕ್‌ಲ್ಯಾಶ್‌ದು. ನಮ್ಮ ಟೇಬಲ್ಲಿನಲ್ಲಿ ಗ್ಯಾಂಟ್ರಿ ಓಡುವುದು ರ್‍ಯಾಕ್ (ಹಲ್ಲಿನ ಪಟ್ಟಿ) ಮತ್ತು ಪಿನಿಯನ್ (ಮೋಟರ್ ತಿರುಗಿಸುವ ಸಣ್ಣ ಹಲ್ಲಿನ ಚಕ್ರ) ಮೇಲೆ. ಎರಡರ ಹಲ್ಲುಗಳ ನಡುವೆ ಸ್ವಲ್ಪ ಜಾಗ ಇರಲೇಬೇಕು, ಇಲ್ಲದಿದ್ದರೆ ಬಿಗಿದು ನಿಲ್ಲುತ್ತದೆ. ಆ ಜಾಗವೇ ಬ್ಯಾಕ್‌ಲ್ಯಾಶ್. ಹಲ್ಲು ಸವೆದಷ್ಟೂ ಆ ಜಾಗ ಜಾಸ್ತಿ ಆಗುತ್ತದೆ. ಒಂದೇ ಕಡೆಗೆ ಓಡುವಾಗ ಏನೂ ಗೊತ್ತಾಗುವುದಿಲ್ಲ. ದಿಕ್ಕು ಬದಲಾದಾಗ ಮಾತ್ರ ಪಿನಿಯನ್ ಮೊದಲು ಆ ಜಾಗ ದಾಟಬೇಕು, ಆಮೇಲೆ ಗ್ಯಾಂಟ್ರಿ ಅಲುಗುತ್ತದೆ. ಮೋಟರ್ ತಿರುಗಿರುತ್ತದೆ, ಟಾರ್ಚ್ ನಿಂತಲ್ಲೇ ಇರುತ್ತದೆ. ದುಂಡಗೆ ಕೊಯ್ದ ತೂತಿನಲ್ಲಿ ದಿಕ್ಕು ಬದಲಾಗುವ ನಾಲ್ಕು ಕಡೆ ಸಣ್ಣ ಮೆಟ್ಟಿಲಿನಂಥ ಗುರುತು ಬೀಳುವುದು ಇದರಿಂದಲೇ.

ಇದನ್ನು ‘ಸಡಿಲ’ ಅನ್ನಲು ನನಗೆ ಮನಸ್ಸಿಲ್ಲ. ಸಡಿಲ ಅಂದ ಕೂಡಲೇ ಹುಡುಗ ಸ್ಪ್ಯಾನರ್ ಹಿಡಿದು ಬೋಲ್ಟ್ ಬಿಗಿಯಲು ಹೋಗುತ್ತಾನೆ. ಎಲ್ಲ ಬೋಲ್ಟ್ ಬಿಗಿಯಾಗಿದ್ದರೂ ಬ್ಯಾಕ್‌ಲ್ಯಾಶ್ ಇರಬಹುದು. ‘ಹಿಂಬಡಿತ’ ಅಂತ ಮಾಡಿದರೆ ಇಲ್ಲಿ ಬಡಿಯುವುದು ಏನೂ ಇಲ್ಲ. ವರ್ಕ್‌ಶಾಪಿನಲ್ಲಿ ‘ಪ್ಲೇ ಇದೆ’ ಅನ್ನುತ್ತಾರೆ, ‘ಆಟ ಇದೆ’ ಅನ್ನುವುದನ್ನೂ ಕೇಳಿದ್ದೇನೆ. ಈ ‘ಆಟ’ ಬರೀ ‘ಪ್ಲೇ’ಯ ಅನುವಾದ ಅಂತ ತಳ್ಳಿಹಾಕುವವರಿಗೆ ನನ್ನದೊಂದು ಮಾತು. ಬಾಗಿಲು ಬಿಗಿಯಾದರೆ ‘ಆಡುತ್ತಿಲ್ಲ’ ಅನ್ನುತ್ತೇವೆ. ಗಾಳಿಯಾಡಲು ಜಾಗ ಬಿಡು ಅನ್ನುತ್ತೇವೆ. ಇದ್ದ ಜಾಗದಲ್ಲಿ ಅತ್ತಿತ್ತ ಸರಿಯುವ ಅರ್ಥ ‘ಆಡು’ವಿನಲ್ಲಿ ಮೊದಲಿಂದಲೂ ಇದೆ, ಅಲ್ವಾ? ‘ಡಯಲ್ ಗೇಜ್ ಇಟ್ಟು ಆಟ ಅಳೆ’ (ಡಯಲ್ ಗೇಜ್ ಅಂದರೆ ಸಣ್ಣ ಸರಿತ ಅಳೆಯುವ ಮುಳ್ಳಿನ ಮೀಟರ್), ‘ಆಟ ತೆಗೆಯುವ ಸ್ಪ್ರಿಂಗ್’ (ಮೋಟರ್ ಪ್ಲೇಟಿಗೆ ಹಾಕಿ ಪಿನಿಯನ್ನನ್ನು ರ್‍ಯಾಕಿಗೆ ಒತ್ತಿ ಹಿಡಿಯುತ್ತದಲ್ಲ, ಅದು) ಹೀಗೆ ಬರೆದು ನೋಡಿದೆ. ಓದಲು ಚೆನ್ನಾಗಿಯೇ ಇದೆ.

ಆದರೆ ಬೇರಿಂಗ್ ಸವೆದು ಚಕ್ರ ಅಲ್ಲಾಡಿದರೂ ‘ಆಟ’ ಅಂತಲೇ ಅನ್ನುತ್ತಾರೆ. ದಿಕ್ಕು ಬದಲಾದಾಗ ಮಾತ್ರ ಕಾಣುವುದು ಎಂಬ ಅಂಶ ಅದರಲ್ಲಿ ಬರುವುದಿಲ್ಲ. ‘ಹಿಂದೇಟು’ ಎಂಬ ಮಾತು ಹೊಳೆಯಿತು. ‘ತಿರುಗುವಾಗ ಗ್ಯಾಂಟ್ರಿ ಹಿಂದೇಟು ಹಾಕುತ್ತದೆ’ ಅಂದರೆ ಕಣ್ಣಿಗೆ ಕಟ್ಟುತ್ತದೆ. ಅದು ಮನುಷ್ಯರ ಹಿಂಜರಿಕೆಯ ಮಾತು ಎನ್ನುವುದೇ ನನ್ನ ಅಳುಕು. ಮೋಟರಿಗೆ ಶಕ್ತಿ ಸಾಲುತ್ತಿಲ್ಲ ಅಂತ ಓದುವವರು ತಿಳಿಯಬಾರದು.

ಮೋಟರಿಗೆ ಶಕ್ತಿ ಸಾಲದೆ ಹೋದಾಗ ಆಗುವುದೇ ಬೇರೆ. ಸಾಮಾನ್ಯ ಸ್ಟೆಪ್ಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಹೆಜ್ಜೆಗೆ 1.8 ಡಿಗ್ರಿ. ಭಾರ ಜಾಸ್ತಿಯಾದರೆ ಕೆಲವು ಹೆಜ್ಜೆ ಬಿಟ್ಟುಹೋಗುತ್ತವೆ. ಮೋಟರ್ ಎಷ್ಟು ತಿರುಗಿತು ಅಂತ ತಿಳಿಸುವ ಎನ್‌ಕೋಡರ್ ಇಲ್ಲದಿದ್ದರೆ ಕಂಟ್ರೋಲರಿಗೆ ಅದು ತಿಳಿಯುವುದೇ ಇಲ್ಲ. ಅಲ್ಲಿಂದ ಮುಂದೆ ಕೊಯ್ದದ್ದೆಲ್ಲ ಪಕ್ಕಕ್ಕೆ ಸರಿದಿರುತ್ತದೆ. ಆಟದಿಂದ ಬರುವ ತಪ್ಪು ಹೀಗೆ ಕೂಡುತ್ತಾ ಹೋಗುವುದಿಲ್ಲ, ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೆಜ್ಜೆ ಬಿಟ್ಟುಹೋಗುವುದಕ್ಕೆ ‘ಹೆಜ್ಜೆ ತಪ್ಪುವುದು’ ಅಂತ ಬರೆದಿದ್ದೇನೆ. ಇದು ನನಗೆ ಪೂರ್ತಿ ಒಪ್ಪಿಗೆ.

ಇನ್ನು ಕೆರ್ಫ್. ಟಾರ್ಚ್ ಹೋದ ದಾರಿಯಲ್ಲಿ ಕರಗಿಹೋಗುವ ಲೋಹದ ಅಗಲ ಇದು. ಅದು 1.5 ಮಿಲಿಮೀಟರ್ ಅಂತಿಟ್ಟುಕೊಳ್ಳಿ. 100 ಮಿಲಿಮೀಟರ್ ಚೌಕದ ಗೆರೆಯ ಮೇಲೇ ಟಾರ್ಚ್ ಓಡಿಸಿದರೆ ಒಳಗಿನ ತುಂಡು 98.5 ಆಗುತ್ತದೆ, ಹಾಳೆಯಲ್ಲಿ ಉಳಿಯುವ ಕಿಂಡಿ 101.5. ಅದಕ್ಕೇ ಅರ್ಧ ಅಗಲದಷ್ಟು ಎಡಕ್ಕೋ ಬಲಕ್ಕೋ ಸರಿದು ಕೊಯ್ಯಬೇಕು. ಯಂತ್ರಕ್ಕೆ ಕೊಡುವ ಆದೇಶಗಳಲ್ಲಿ ಜಿ41 ಎಡಕ್ಕೆ, ಜಿ42 ಬಲಕ್ಕೆ. ಮರದ ಕೆಲಸದಲ್ಲಿ ‘ಗರಗಸ ಇಷ್ಟು ತಿನ್ನುತ್ತೆ’ ಅಂತಾರೆ. ಆ ಮಾತು ಬಿಡಲು ನನಗೆ ಇಷ್ಟವಿಲ್ಲ. ಆದರೆ ಸೆಟ್ಟಿಂಗ್ ಪಟ್ಟಿಯಲ್ಲಿ ಕ್ರಿಯಾಪದ ಹಾಕಲು ಆಗುವುದಿಲ್ಲ, ಒಂದು ಹೆಸರು ಬೇಕು. ‘ಸವಕಳಿ’ ಅಂದರೆ ನಾಝಲ್ (ಟಾರ್ಚಿನ ತುದಿ) ಸವೆದದ್ದು ಅಂತ ಆಗಿಬಿಡುತ್ತದೆ. ಸದ್ಯಕ್ಕೆ ‘ಕೊಯ್ತದ ಅಗಲ’ ಅಂತ ಬರೆದಿದ್ದೇನೆ. ಅರ್ಥ ಸರಿಯಿದೆ, ಸ್ವಲ್ಪ ಉದ್ದವಾಯಿತು ಅನ್ನಿಸುತ್ತದೆ. ‘ತಿನ್ನಗಲ’ ಅಂತ ಮಾಡಿದರೆ ಯಾರಾದರೂ ಹೇಳಿಯಾರೇ?

ಹೋಮಿಂಗ್‌ಗೆ, ಅಂದರೆ ಯಂತ್ರ ತನ್ನ ಜಾಗ ಕಂಡುಕೊಳ್ಳುವುದಕ್ಕೆ, ‘ನೆಲೆ ಹಿಡಿಯುವುದು’ ಅಂತ ಇಟ್ಟಿದ್ದೇನೆ. ಯಂತ್ರ ಮೂಲೆಯ ಸ್ವಿಚ್ ಮುಟ್ಟಿ ಕಂಡುಕೊಳ್ಳುವ ಜಾಗ ‘ನೆಲೆ’, ಹಾಳೆಯ ಮೇಲೆ ನಾವು ಗುರುತಿಸುವ, ಕೊಯ್ಯುವ ಅಳತೆಗಳು ಶುರುವಾಗುವ ಜಾಗ (ಆದೇಶದಲ್ಲಿ ಜಿ54) ‘ಸೊನ್ನೆ’. ಎರಡೂ ಬೇರೆ ಬೇರೆ ಅನ್ನುವುದು ಹೆಸರಲ್ಲೇ ತಿಳಿಯಲಿ ಅಂತ. ಇದಕ್ಕೆ ಯಾರದಾದರೂ ತಕರಾರಿದ್ದರೆ ಹೇಳಿ.

ಮುಖ್ಯವಾಗಿ ಕೆಲಸದ ಜಾಗದಲ್ಲಿ ಬಾಯಲ್ಲಿ ಓಡಾಡುವ ಮಾತು ತಿಳಿಯಬೇಕಿದೆ. ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಪೀಣ್ಯ ಈ ಕಡೆಯ ಲೇತ್ ಕೆಲಸ ಬಲ್ಲವರು ಹಲ್ಲುಗಳ ನಡುವಿನ ಈ ಜಾಗಕ್ಕೆ ಏನನ್ನುತ್ತಾರೆ? ಕರಾವಳಿಯ ಮರದ ಮಿಲ್ಲುಗಳಲ್ಲಿ ಗರಗಸ ತಿಂದ ಅಗಲಕ್ಕೆ ಬೇರೆ ಹೆಸರಿದೆಯೇ? ಪದದ ಜೊತೆ ಅವರು ಆಡುವ ಒಂದು ಪೂರ್ತಿ ವಾಕ್ಯವನ್ನೂ ಬರೆದು ಕಳಿಸಿದರೆ ತುಂಬಾ ಉಪಕಾರವಾಗುತ್ತದೆ.